ರೊಟ್ಟಿ ಬಿಟ್ಟರೆ ತೂಕ ಇಳಿಯುತ್ತಾ?

ಪ್ರಶ್ನೆ: ಮೇಡಂ, ನಾನು ಬಾಗಲಕೋಟೆ ನವನಗರದವಳು. ವಯಸ್ಸು 39, ಎತ್ತರ 155 ಸೆಂ.ಮೀ., ತೂಕ 74 ಕಿಲೋ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ದಿನಕ್ಕೆ ಏಳೆಂಟು ತಾಸು ಮಷೀನ್ ಮುಂದೆ ಕೂತಿರುತ್ತೇನೆ. ಹೋದ ವರ್ಷ ಮೊಬೈಲ್‌ಗೆ ಬಂದ ಚಾರ್ಟ್ ನೋಡಿ ರೊಟ್ಟಿ ಪೂರ್ತಿ ಬಿಟ್ಟೆ. ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಎರಡು ಚಪಾತಿ, ರಾತ್ರಿ ಸವತಿಕಾಯಿ ಮತ್ತು ಗ್ರೀನ್ ಟೀ. ಮೂರು ತಿಂಗಳಲ್ಲಿ 7 ಕಿಲೋ ಇಳಿಯಿತು. ಆದರೆ ಕೂದಲು ಉದುರಿತು, ಮೈಯಲ್ಲಿ ಶಕ್ತಿಯೇ ಇರಲಿಲ್ಲ. ಚಾರ್ಟ್ ಬಿಟ್ಟ ಮೇಲೆ 9 ಕಿಲೋ ಏರಿದೆ. ಈಗ ಪಕ್ಕದ ಮನೆಯವರು ಜೋಳ ಸಿರಿಧಾನ್ಯ, ಎಷ್ಟು ತಿಂದರೂ ದಪ್ಪ ಆಗಲ್ಲ ಅಂತಾರೆ. ಗೆಳತಿ ಪೌಡರ್ ಕುಡಿ ಅಂತಾಳೆ. ಅತ್ತೆ ‘ಹೊಟ್ಟಿ ಕಟ್ಟಿ ಏನ್ ಗಳಸ್ತಿ’ ಅಂತ ಬೈತಾರೆ. ಈ ಬಿಸಿಲಲ್ಲಿ ವಾಕಿಂಗ್ ಕೂಡ ಆಗಲ್ಲ. ನಾನು ರೊಟ್ಟಿ ತಿನ್ನಬೇಕೋ ಬಿಡಬೇಕೋ?

ಉತ್ತರ: ತಿನ್ನಿ. ದಿನಾ ತಿನ್ನಿ. ಆದರೆ ಎಣಿಸಿ ತಿನ್ನಿ. ರೊಟ್ಟಿಯ ಜೊತೆ ತಟ್ಟೆಗೆ ಏನೇನು ಬರುತ್ತದೆ ಅಂತ ಒಂದು ವಾರ ಸರಿಯಾಗಿ ಗಮನಿಸಿ. ವಿಜಯಪುರದ ನನ್ನ ಕ್ಲಿನಿಕ್‌ಗೆ ಬರುವವರಲ್ಲಿ ರೊಟ್ಟಿ ಬಿಟ್ಟು ಬಂದವರೇ ಜಾಸ್ತಿ. ತೂಕ ಇಳಿಸಬೇಕು ಅಂದ ಕೂಡಲೇ ನಮ್ಮ ಕಡೆ ಜನ ಮೊದಲು ಕೈಬಿಡುವುದು ರೊಟ್ಟಿಯನ್ನೇ. ತಟ್ಟೆಯಲ್ಲಿ ದೊಡ್ಡದಾಗಿ ಕಾಣುವುದು ಅದೇ, ಅಲ್ವಾ? ತೂಕ ಏರಿಸಿದ ಪದಾರ್ಥಗಳು ಮಾತ್ರ ಅಲ್ಲೇ ಉಳಿದುಬಿಡುತ್ತವೆ.

ಮೊದಲು ಹಿಟ್ಟಿನ ಲೆಕ್ಕ ನೋಡೋಣ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 335 ಕ್ಯಾಲೊರಿ, 10 ಗ್ರಾಂ ಪ್ರೋಟೀನ್, 10 ಗ್ರಾಂ ನಾರು ಇರುತ್ತದೆ. ಜರಡಿ ಹಿಡಿಯದ ಗೋಧಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ, ಪ್ರೋಟೀನ್ ಮತ್ತು ನಾರು ಹೆಚ್ಚುಕಡಿಮೆ ಅಷ್ಟೇ. ಅಂದರೆ ರೊಟ್ಟಿಯಿಂದ ಚಪಾತಿಗೆ ಹೋಗಿ ನೀವು ಗಳಿಸಿದ್ದು ಏನೂ ಇಲ್ಲ. ರೊಟ್ಟಿಗೆ ಕುದಿಯುವ ನೀರು ಹಾಕಿ ಹಿಟ್ಟು ನಾದುತ್ತೀರಿ, ಕೈಯಿಂದ ಬಡಿಯುತ್ತೀರಿ, ಹಂಚಿಗೆ ಹಾಕಿ ಮೇಲೆ ನೀರು ಸವರುತ್ತೀರಿ. ಒಂದು ಹನಿ ಎಣ್ಣೆ ಬೀಳುವುದಿಲ್ಲ. ಚಪಾತಿಗೆ ಮಡಿಕೆ ಹಾಕುವಾಗ ಎಣ್ಣೆ, ಬೇಯಿಸುವಾಗ ಮತ್ತೆ ಎಣ್ಣೆ. ಒಂದು ಚಹಾ ಚಮಚ ಎಣ್ಣೆ ಅಂದರೆ 45 ಕ್ಯಾಲೊರಿ. ಎರಡು ಚಪಾತಿಗೆ ಎರಡು ಚಮಚ ಹೋದರೆ 90 ಕ್ಯಾಲೊರಿ ಸುಮ್ನೆ ಸೇರಿಕೊಂಡಿತು.

ಹಾಗಂತ ಪಕ್ಕದ ಮನೆಯವರ ಮಾತನ್ನೂ ನಾನು ಒಪ್ಪುವುದಿಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಸಾರಿದ ಮೇಲೆ ಜೋಳ, ಸಜ್ಜೆ, ನವಣೆ ಅಂದರೆ ಔಷಧಿ ಅನ್ನುವ ಹಾಗೆ ಮಾತು ಹಬ್ಬಿದೆ. ‘ಡೋಣಿ ಹರಿದರೆ ಓಣೆಲ್ಲಾ ಜೋಳ’ ಅನ್ನುವ ಸೀಮೆಯವಳು ನಾನು. ನಮ್ಮ ಎರೆಹೊಲದ ಬಿಳಿಜೋಳದ ಬಗ್ಗೆ ನನಗೂ ಅಭಿಮಾನ ಇದೆ. ನಾರು ಚೆನ್ನಾಗಿದೆ, ಹೊಟ್ಟೆ ತುಂಬಿದ ಹಾಗೆ ಇರುತ್ತದೆ, ಅನ್ನದಷ್ಟು ಬೇಗ ಹಸಿವಾಗುವುದಿಲ್ಲ. ಆದರೆ ಜೋಳವೂ ಧಾನ್ಯವೇ. ಆರು ರೊಟ್ಟಿ ತಿಂದರೆ ಆರು ರೊಟ್ಟಿಯ ಕ್ಯಾಲೊರಿ ಬಂದೇ ಬರುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೂ ಇದೇ ಮಾತು. ಜೋಳದ ರೊಟ್ಟಿಯಿಂದಲೂ ರಕ್ತದ ಸಕ್ಕರೆ ಏರುತ್ತದೆ.

ನಿಮ್ಮ ರೊಟ್ಟಿ ಎಷ್ಟು ದೊಡ್ಡದು ಅಂತ ತಿಳಿಯಲು ಒಂದು ಸುಲಭದ ದಾರಿ ಇದೆ. ಒಂದು ದಿನ ಅರ್ಧ ಕಿಲೋ ಹಿಟ್ಟು ತೂಗಿ ತೆಗೆದುಕೊಳ್ಳಿ. ಅದರಲ್ಲಿ ಎಷ್ಟು ರೊಟ್ಟಿ ಆಯಿತು ಅಂತ ಎಣಿಸಿ. 12 ಆದರೆ ಒಂದು ರೊಟ್ಟಿಗೆ ಸುಮಾರು 40 ಗ್ರಾಂ ಹಿಟ್ಟು, 140 ಕ್ಯಾಲೊರಿ. ಎಂಟೇ ಆದರೆ ಒಂದಕ್ಕೆ 60 ಗ್ರಾಂ ದಾಟಿತು, 210 ಕ್ಯಾಲೊರಿ. ‘ನಾನು ಎರಡೇ ರೊಟ್ಟಿ ತಿಂತೀನಿ’ ಅನ್ನುವ ಇಬ್ಬರ ಊಟದಲ್ಲಿ ಒಂದು ರೊಟ್ಟಿಯಷ್ಟು ವ್ಯತ್ಯಾಸ ಇಲ್ಲೇ ಬರುತ್ತದೆ. ಖಡಕ್ ರೊಟ್ಟಿ ಹಗುರ ಅಂತ ನಾಲ್ಕು ಮುರಿದುಕೊಂಡು ತಿನ್ನುವವರಿದ್ದಾರೆ. ಹಗುರ ಆಗಿದ್ದು ನೀರು ಆರಿದ್ದಕ್ಕೆ. ಹಿಟ್ಟು ಅಷ್ಟೇ ಇದೆ.

ಈಗ ರೊಟ್ಟಿಯ ಪಕ್ಕಕ್ಕೆ ಬರೋಣ. ನಾನು ಜಾಸ್ತಿ ಹೇಳಬೇಕಾದದ್ದು ಇಲ್ಲೇ ಇದೆ.

ಎಣ್ಣೆಗಾಯಿ ತೆಗೆದುಕೊಳ್ಳಿ. ನಾಲ್ಕು ಜನಕ್ಕೆ ಅಂತ ಅರ್ಧ ಕಿಲೋ ಎಳೆ ಬದನೆಕಾಯಿ ಸೀಳಿ ಇಡುತ್ತೀರಿ. ಹುರಿದ ಶೇಂಗಾ ಒಂದು ಬಟ್ಟಲು, ಸುಮಾರು 100 ಗ್ರಾಂ, ಪುಡಿ ಮಾಡುತ್ತೀರಿ. ಒಣಕೊಬ್ಬರಿ ಒಂದು ಹೋಳು. ಮೇಲೆ ಎಣ್ಣೆ ತೇಲದಿದ್ದರೆ ಅದು ಎಣ್ಣೆಗಾಯಿ ಅನಿಸುವುದಿಲ್ಲ, ಹಾಗಾಗಿ ಆರು ದೊಡ್ಡ ಚಮಚ ಎಣ್ಣೆ. ಎಣ್ಣೆಯೊಂದೇ 750 ಕ್ಯಾಲೊರಿ. ಶೇಂಗಾ 520. ಕೊಬ್ಬರಿ 160ರ ಹತ್ತಿರ. ಪಾಪ, ಬದನೆಕಾಯಿಯ ಪಾಲು ನೂರಿಪ್ಪತ್ತೈದು ಇರಬಹುದು. ನಾಲ್ಕು ಜನಕ್ಕೆ ಹಂಚಿದರೆ ಒಬ್ಬರಿಗೆ ಸುಮಾರು 390 ಕ್ಯಾಲೊರಿ. ಪಕ್ಕದಲ್ಲಿರುವ ಎರಡು ತೆಳ್ಳನೆ ರೊಟ್ಟಿ ಸೇರಿ 280 ಅಷ್ಟೇ. ಊಟದಲ್ಲಿ ಭಾರ ಯಾವುದು ಅಂತ ನೀವೇ ನೋಡಿ. ನೀವು ರೊಟ್ಟಿ ಬಿಟ್ಟಿರಿ, ಪಲ್ಯದ ಎಣ್ಣೆ ಹಾಗೇ ಉಳಿಯಿತು.

ಎಣ್ಣೆಗಾಯಿ ಬಿಡಿ ಅಂತ ನಾನು ಹೇಳುವುದಿಲ್ಲ. ನಮ್ಮ ಕಡೆಯವರಿಗೆ ಅದನ್ನು ಬಿಡಿ ಅಂದರೆ ನಾಲ್ಕು ದಿನ ಬಿಡುತ್ತಾರೆ, ಐದನೇ ದಿನ ಎರಡು ಪಟ್ಟು ತಿನ್ನುತ್ತಾರೆ. ಮಾಡುವ ರೀತಿ ಬದಲಿಸಿ. ಸೀಳಿದ ಬದನೆಕಾಯಿಯನ್ನು ಮೊದಲು ಹಬೆಯಲ್ಲಿ ಮುಕ್ಕಾಲು ಬೇಯಿಸಿ. ಹಸಿ ಬದನೆಕಾಯಿ ಎಣ್ಣೆ ಕುಡಿಯುತ್ತದೆ, ಬೆಂದದ್ದು ಅಷ್ಟು ಕುಡಿಯುವುದಿಲ್ಲ. ಶೇಂಗಾ 40 ಗ್ರಾಂಗೆ ಇಳಿಸಿ. ಮಸಾಲೆಗೆ ಉಳ್ಳಾಗಡ್ಡಿ ಸುಟ್ಟು ರುಬ್ಬಿ ಹಾಕಿದರೆ ಗೊಜ್ಜು ಗಟ್ಟಿಯಾಗುತ್ತದೆ. ಕೊಬ್ಬರಿ ಒಂದು ಚಮಚ ಸಾಕು. ಎಣ್ಣೆ ಎರಡು ದೊಡ್ಡ ಚಮಚ. ಒಬ್ಬರ ಪಾಲು 170ರ ಸುಮಾರಿಗೆ ಬರುತ್ತದೆ. ಒಂದೇ ಪಲ್ಯದಲ್ಲಿ 200ಕ್ಕೂ ಹೆಚ್ಚು ಕ್ಯಾಲೊರಿ ಉಳಿಯಿತು, ಒಂದೂವರೆ ರೊಟ್ಟಿಯಷ್ಟು. ಹುಣಸೆ, ಖಾರ, ಗುರೆಳ್ಳು ಸರಿಯಾಗಿದ್ದರೆ ರುಚಿಗೆ ಕೊರತೆ ಆಗುವುದಿಲ್ಲ.

ಎಣ್ಣೆಯನ್ನು ದಿನದಿನ ಅಳೆಯುವುದು ಕಷ್ಟ. ತಿಂಗಳ ಕಿರಾಣಿ ಚೀಟಿ ನೋಡಿ. ತೂಕ ಇಳಿಸುವವರಿಗೆ ನಾನು ದಿನಕ್ಕೆ ಒಬ್ಬರಿಗೆ 20 ಗ್ರಾಂ, ಅಂದರೆ ನಾಲ್ಕು ಚಹಾ ಚಮಚ ಎಣ್ಣೆ ಅಂತ ಹೇಳುತ್ತೇನೆ. ಗಂಡ, ಹೆಂಡತಿ, ಅತ್ತೆ, ಇಬ್ಬರು ಮಕ್ಕಳು ಅಂತ ಐದು ಜನ ಇದ್ದರೆ ತಿಂಗಳಿಗೆ ಮೂರು ಕಿಲೋ, ಸುಮಾರು ಮೂರೂಕಾಲು ಲೀಟರ್. ತುಪ್ಪವೂ ಇದರಲ್ಲೇ ಸೇರಿತು. ನಿಮ್ಮ ಮನೆಗೆ ಐದು ಲೀಟರ್ ಡಬ್ಬಿ ಬಂದು ತಿಂಗಳು ತುಂಬುವುದರೊಳಗೆ ಖಾಲಿಯಾಗುತ್ತಿದ್ದರೆ ಉತ್ತರ ಅಲ್ಲೇ ಸಿಕ್ಕಿತು. ಗಾಣದ ಶೇಂಗಾ ಎಣ್ಣೆ ಅಥವಾ ಕುಸುಬಿ ಎಣ್ಣೆ ದಪ್ಪ ಮಾಡಲ್ಲ ಅಂತ ಒಂದು ನಂಬಿಕೆ ಇದೆ. ಯಾವ ಎಣ್ಣೆಯಾದರೂ ಗ್ರಾಂಗೆ 9 ಕ್ಯಾಲೊರಿಯೇ.

ಶೇಂಗಾ ಹಿಂಡಿಗೂ, ಅಂದರೆ ಚಟ್ನಿಪುಡಿಗೂ, ಇದೇ ಲೆಕ್ಕ. ಶೇಂಗಾ ಒಳ್ಳೆಯ ಪದಾರ್ಥ, 100 ಗ್ರಾಂಗೆ 24 ಗ್ರಾಂ ಪ್ರೋಟೀನ್ ಕೊಡುತ್ತದೆ. ಆದರೆ ಕ್ಯಾಲೊರಿ 500 ದಾಟುತ್ತದೆ. ಒಂದು ದೊಡ್ಡ ಚಮಚ ಹಿಂಡಿ 80 ಕ್ಯಾಲೊರಿ ಅಂತ ಇಟ್ಟುಕೊಳ್ಳಿ. ಅದರ ಮೇಲೆ ಎಣ್ಣೆ ಸುರಿದುಕೊಂಡರೆ ಇನ್ನೊಂದು ನೂರು. ಎಣ್ಣೆಯ ಬದಲು ಗಟ್ಟಿ ಮೊಸರಿನಲ್ಲಿ ಕಲಸಿಕೊಳ್ಳಿ. ಒಂದು ದಿನ ಶೇಂಗಾ, ಒಂದು ದಿನ ಅಗಸಿ, ಒಂದು ದಿನ ಗುರೆಳ್ಳು. ಊಟಕ್ಕೆ ಒಂದೇ ಚಮಚ. ಅಗಸಿಯಲ್ಲಿ ಹೃದಯಕ್ಕೆ ಬೇಕಾದ ಒಮೇಗಾ-3 ಕೊಬ್ಬು ಇದೆ, ವಾರಕ್ಕೆ ಎರಡು ಮೂರು ಸಲ ತಪ್ಪಿಸಬೇಡಿ.

ಇನ್ನು ಅನ್ನ. ನಮ್ಮಲ್ಲಿ ರೊಟ್ಟಿ ಊಟ ಮುಗಿದ ಮೇಲೆ ‘ಸ್ವಲ್ಪ ಅನ್ನ’ ಅಂತ ಬಡಿಸುತ್ತಾರೆ. ಮೊದಲು ಸಾರಿಗೆ, ಆಮೇಲೆ ಮಜ್ಜಿಗೆಗೆ. ಅದು ಸ್ವಲ್ಪ ಇರುವುದಿಲ್ಲ. ಒಂದು ಬಟ್ಟಲು ಬೆಂದ ಅನ್ನ ಅಂದರೆ ಸುಮಾರು 200 ಕ್ಯಾಲೊರಿ. ಹೊಟ್ಟೆ ತುಂಬಿದ ಮೇಲೆ ಅಭ್ಯಾಸಕ್ಕೆ ಒಳಗೆ ಹೋಗುವ ಊಟ ಇದು. ರೊಟ್ಟಿ ತಿಂದ ಹೊತ್ತು ಅನ್ನ ಬೇಡ. ಅನ್ನ ಬೇಕೆನಿಸಿದ ಹೊತ್ತು ರೊಟ್ಟಿ ಬೇಡ. ಕಡೆಗೆ ಮಜ್ಜಿಗೆ ಬೇಕೇ ಬೇಕು ಅನಿಸಿದರೆ ಬರೀ ಮಜ್ಜಿಗೆ ಕುಡಿಯಿರಿ.

ಚಹಾದ ವಿಷಯ ನೀವು ಬರೆದಿಲ್ಲ, ಆದರೂ ಕೇಳುತ್ತೇನೆ. ಬ್ಲೌಸ್ ಹೊಲಿಸಲು ಬಂದವರಿಗೆ ಚಹಾ ಕೊಡದೆ ಕಳಿಸುವ ಮನೆ ನಮ್ಮ ಕಡೆ ಇಲ್ಲ. ಅವರಿಗೆ ಕೊಟ್ಟಾಗ ನಿಮಗೂ ಅರ್ಧ ಕಪ್ಪು. ಹೀಗೆ ದಿನಕ್ಕೆ ಐದು ಸಲ ಆಯಿತು, ಪ್ರತಿ ಸಲ ಎರಡು ಚಮಚ ಸಕ್ಕರೆ ಅಂದರೆ 50 ಗ್ರಾಂ, 200 ಕ್ಯಾಲೊರಿ. ದಿನಕ್ಕೆ 25 ಗ್ರಾಂ ದಾಟಬಾರದು ಅನ್ನುವುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಲಹೆ. ಜೊತೆಗೆ ಟೋಸ್ಟ್, ಖಾರಾ, ಚೂಡಾ ಬಂದರೆ ಕೇಳುವುದೇ ಬೇಡ. ಚಹಾ ಎರಡು ಸಲಕ್ಕೆ ಇಳಿಸಿ. ಸಕ್ಕರೆ ಒಮ್ಮೆಲೇ ಬಿಡಲು ಹೋಗಬೇಡಿ. ವಾರಕ್ಕೆ ಅರ್ಧರ್ಧ ಚಮಚ ಕಡಿಮೆ ಮಾಡುತ್ತಾ ಬನ್ನಿ, ನಾಲಿಗೆ ಒಗ್ಗಿಕೊಳ್ಳುತ್ತದೆ. ಮಹಾಲಿಂಗಪುರದ ಬೆಲ್ಲ ಹಾಕುತ್ತೇವೆ, ತೊಂದರೆ ಇಲ್ಲ ಅಂತ ಬಹಳ ಜನ ಹೇಳುತ್ತಾರೆ. ಬೆಲ್ಲದ ಕ್ಯಾಲೊರಿ ಸಕ್ಕರೆಗಿಂತ ಕೂದಲೆಳೆಯಷ್ಟು ಕಡಿಮೆ, ಅಷ್ಟೇ.

ಇಲ್ಲಿಯವರೆಗೆ ಕಡಿಮೆ ಮಾಡುವ ಮಾತಾಯಿತು. ಹೆಚ್ಚು ಮಾಡಬೇಕಾದದ್ದೂ ಇದೆ. ಅದನ್ನು ಹೇಳದ ಚಾರ್ಟ್‌ಗಳ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ.

ನಿಮ್ಮ ಕೂದಲು ಉದುರಿದ್ದು, ಶಕ್ತಿ ಹೋದದ್ದು ಏಕೆ ಗೊತ್ತಾ? ರಾತ್ರಿ ಬರೀ ಸವತಿಕಾಯಿ ತಿಂದ ಮೈಗೆ ಪ್ರೋಟೀನ್ ಎಲ್ಲಿಂದ ಬರಬೇಕು? ತೀರಾ ಕಡಿಮೆ ತಿಂದಾಗ ದೇಹ ಬರೀ ಕೊಬ್ಬು ಕರಗಿಸುವುದಿಲ್ಲ, ಸ್ನಾಯುವನ್ನೂ ಕರಗಿಸುತ್ತದೆ. ಸ್ನಾಯು ಕಡಿಮೆಯಾದರೆ ಸುಮ್ಮನೆ ಕೂತಾಗ ಖರ್ಚಾಗುವ ಶಕ್ತಿಯೂ ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ಹಸಿವು ಹೆಚ್ಚಿಸುವ ಹಾರ್ಮೋನುಗಳು ಏರುತ್ತವೆ. ಚಾರ್ಟ್ ಬಿಟ್ಟ ದಿನ ಹಸಿವು ಜಾಸ್ತಿ, ಖರ್ಚು ಕಡಿಮೆ. 7 ಹೋಗಿ 9 ಬಂದದ್ದು ಹೀಗೆ. ಅದಕ್ಕೆ ನಿಮ್ಮ ಮನಸ್ಸು ಗಟ್ಟಿ ಇಲ್ಲ ಅಂತ ಬೈದುಕೊಳ್ಳಬೇಡಿ. ಅಂಥ ಊಟ ಯಾರಿಗೆ ಕೊಟ್ಟರೂ ಹೀಗೇ ಆಗುತ್ತದೆ. ಕೂದಲಿನ ಬಗ್ಗೆ ಭಯ ಬೇಡ. ಬೇಗ ತೂಕ ಇಳಿದ ಎರಡು ಮೂರು ತಿಂಗಳಿಗೆ ಉದುರುವ ಕೂದಲು ಊಟ ಸರಿಯಾದರೆ ಸಾಮಾನ್ಯವಾಗಿ ಆರು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ.

ನಿಮ್ಮ ತೂಕಕ್ಕೆ ದಿನಕ್ಕೆ 60 ಗ್ರಾಂ ಹತ್ತಿರ ಪ್ರೋಟೀನ್ ಬೇಕು. ಅದಕ್ಕೆ ಪೌಡರ್ ಬೇಕಿಲ್ಲ. ನಾಲ್ಕು ತೆಳ್ಳನೆ ರೊಟ್ಟಿಯಿಂದ 16 ಗ್ರಾಂ ಬರುತ್ತದೆ. ಒಣಗಿದ್ದಾಗ ತೂಗಿದ 70 ಗ್ರಾಂ ಕಾಳು ಅಥವಾ ಬೇಳೆಯಿಂದ ಇನ್ನೊಂದು 16. ಹಾಲು, ಮೊಸರು ಸೇರಿ 300 ಮಿ.ಲೀ.ಗೆ 10. ಒಂದು ಹಿಡಿ ಪುಟಾಣಿ ಐದು, ಹಿಂಡಿಯ ಶೇಂಗಾ ಐದು, ಕಾಯಿಪಲ್ಲೆಯಿಂದ ಐದಾರು. ಅಲ್ಲಿಗೆ ಮುಗಿಯಿತು. ತತ್ತಿ ತಿನ್ನುವವರಾದರೆ ಒಂದು ತತ್ತಿಗೆ 6 ಗ್ರಾಂ ಅಂತ ಲೆಕ್ಕ ಹಿಡಿಯಿರಿ. ಇದಕ್ಕೆ ನಾಲ್ಕು ಚಮಚ ಎಣ್ಣೆ, ಒಂದು ಹಣ್ಣು, ಎರಡು ಸಲದ ಚಹಾ ಸೇರಿಸಿದರೂ ದಿನದ ಊಟ 1,550 ಕ್ಯಾಲೊರಿ ಆಸುಪಾಸು ನಿಲ್ಲುತ್ತದೆ. ಕೂತು ಕೆಲಸ ಮಾಡುವ ನಿಮಗೆ ದಿನಕ್ಕೆ ಸುಮಾರು 1,900 ಖರ್ಚಾಗುತ್ತದೆ. ಉಳಿದದ್ದನ್ನು ಮೈ ತನ್ನ ಕೊಬ್ಬಿನಿಂದ ತೆಗೆಯುತ್ತದೆ. ತಿಂಗಳಿಗೆ ಒಂದು, ಒಂದೂವರೆ ಕಿಲೋ ಇಳಿಯುತ್ತದೆ. ಕಡಿಮೆ ಅನಿಸಬಹುದು. ಆದರೆ ಕೂದಲು ಉದುರದೆ, ಮಷೀನ್ ಮುಂದೆ ಕಣ್ಣು ಕತ್ತಲೆ ಬರದೆ ಇಳಿಯುವ ತೂಕ ಇದು.

ನಾಲ್ಕು ರೊಟ್ಟಿ ಹೇಗೆ ಹಂಚಬೇಕು? ಬೆಳಿಗ್ಗೆ ಒಂದು, ಮಧ್ಯಾಹ್ನ ಎರಡು, ರಾತ್ರಿ ಒಂದು. ಬೆಳಿಗ್ಗೆ ಉಪ್ಪಿಟ್ಟು ಅಥವಾ ಅವಲಕ್ಕಿ ಮಾಡಿದ ದಿನ ಒಂದು ಬಟ್ಟಲು ತಿಂದು, ಆ ದಿನದ ರೊಟ್ಟಿ ಮೂರಕ್ಕೆ ಇಳಿಸಿ. ತಟ್ಟೆಗೆ ಬಡಿಸಿಕೊಳ್ಳುವ ಕ್ರಮ ಬದಲಿಸಿದರೆ ಕೆಲಸ ಇನ್ನೂ ಸುಲಭ. ಮೊದಲು ಹಸಿ ಸೊಪ್ಪು, ಸವತಿಕಾಯಿ, ಗಜ್ಜರಿ, ಮೂಲಂಗಿ ಹಾಕಿಕೊಳ್ಳಿ. ಆಮೇಲೆ ಕಾಳಿನ ಪಲ್ಯ, ಸೊಪ್ಪಿನ ಪಲ್ಯ. ರೊಟ್ಟಿ ಕಡೆಗೆ ಬರಲಿ. ಹಕ್ಕರಕಿ, ಎಳೆ ಮೆಂತ್ಯ, ಉಳ್ಳಾಗಡ್ಡಿಯನ್ನು ಹಸಿಯಾಗಿ ರೊಟ್ಟಿಗೆ ಹಚ್ಚಿ ತಿನ್ನುವ ರೂಢಿ ನಮ್ಮದೇ. ದುಡ್ಡು ಕೊಟ್ಟು ಸಲಾಡ್ ಕಲಿಯುವ ಮೊದಲು ಅದನ್ನು ಮತ್ತೆ ಶುರು ಮಾಡಿ.

ಕಾಳಿನ ಪಲ್ಯ ಅಂದೆ. ಮಡಿಕೆಕಾಳು, ಹೆಸರು, ಅಲಸಂದಿ, ಹುರಳಿ, ಕಡಲೆ, ಇವೆಲ್ಲ ವಾರದ ಸಂತೆಯಲ್ಲೇ ಸಿಗುತ್ತವೆ. ಜೋಳದ ಪ್ರೋಟೀನ್‌ನಲ್ಲಿ ಲೈಸಿನ್ ಅನ್ನುವ ಅಂಶ ಕಡಿಮೆ, ಕಾಳಿನಲ್ಲಿ ಅದು ಜಾಸ್ತಿ. ರೊಟ್ಟಿ, ಕಾಳು ಒಟ್ಟಿಗೆ ತಿಂದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಆದರೆ ಬಹಳ ಮನೆಗಳಲ್ಲಿ ಕಾಳು ಎರಡು ಚಮಚದಷ್ಟು ಬಡಿಸುತ್ತಾರೆ. ಅದು ಒಂದು ದೊಡ್ಡ ಬಟ್ಟಲಾಗಬೇಕು. ಕಟ್ಟಿನ ಸಾರು ಕುಡಿದು ಬೇಳೆ ತಿಂದೆ ಅಂದುಕೊಳ್ಳಬೇಡಿ. ಕಟ್ಟಿನಲ್ಲಿ ಬರುವುದು ಬೇಳೆಯ ರುಚಿ, ಬೇಳೆ ಅಲ್ಲ. ಜುಣಕವೂ ಒಳ್ಳೆಯದೇ, ಅದು ಕಡಲೆ ಹಿಟ್ಟು. ಎಣ್ಣೆ ಹಿಡಿತದಲ್ಲಿದ್ದರೆ ವಾರಕ್ಕೆರಡು ಸಲ ಮಾಡಿ.

ಗೆಳತಿ ಹೇಳಿದ ಪೌಡರ್ ಬಗ್ಗೆ ಎರಡೇ ಮಾತು. ಒಂದು ಹೊತ್ತಿನ ಊಟ ಬಿಟ್ಟು 200 ಕ್ಯಾಲೊರಿಯ ಪೌಡರ್ ಕುಡಿದರೆ ಯಾರಿಗಾದರೂ ತೂಕ ಇಳಿಯುತ್ತದೆ. ಅದರಲ್ಲಿ ಪೌಡರ್‌ನ ಮಹಿಮೆ ಏನೂ ಇಲ್ಲ. ಡಬ್ಬಿ ಮುಗಿದ ದಿನ ನೀವು ಮತ್ತೆ ಅದೇ ಅಡುಗೆಮನೆಗೆ ಬರಬೇಕು, ಅಲ್ಲಿ ಏನೂ ಬದಲಾಗಿರುವುದಿಲ್ಲ. ಆ ದುಡ್ಡಲ್ಲಿ ಕಾಳು, ಮೊಸರು, ಹಣ್ಣು ತನ್ನಿ.

ವ್ರತದ ದಿನಗಳ ಬಗ್ಗೆಯೂ ಒಂದು ಮಾತು. ವಾರ ಹಿಡಿದವರು ‘ಇವತ್ತು ಏನೂ ತಿಂದಿಲ್ಲ, ಬರೀ ಸಾಬುದಾಣಿ’ ಅನ್ನುತ್ತಾರೆ. ಸಾಬುದಾಣಿ ಬರೀ ಪಿಷ್ಟ, ಅದರ ಮೇಲೆ ಶೇಂಗಾ ಪುಡಿ, ಎಣ್ಣೆ, ಆಲೂಗಡ್ಡೆ. ಒಂದು ತಟ್ಟೆ ಸಾಬುದಾಣಿ ಖಿಚಡಿ ಮಾಮೂಲಿ ಊಟಕ್ಕಿಂತ ಕಡಿಮೆ ಏನಲ್ಲ. ಉಪವಾಸ ನಿಮ್ಮ ನಂಬಿಕೆಯಾದರೆ ಹಾಲು, ಹಣ್ಣು, ಮಜ್ಜಿಗೆಯಲ್ಲಿ ಮುಗಿಸಿ. ಇನ್ನು ಪಂಚಮಿ ಉಂಡಿ, ಬನಶಂಕರಿ ಜಾತ್ರೆ, ಮನೆಯ ಲಗ್ನ, ಅಮೀನಗಡದ ಕರದಂಟು. ಇವನ್ನೆಲ್ಲ ಬಿಟ್ಟು ಬದುಕುವುದು ಬೇಕಿಲ್ಲ. ಹಬ್ಬದ ದಿನ ತಿನ್ನಿ. ಉಳಿದದ್ದನ್ನು ಡಬ್ಬಿಯಲ್ಲಿ ಹಾಕಿ ಮಷೀನ್ ಪಕ್ಕ ಇಟ್ಟುಕೊಳ್ಳಬೇಡಿ. ಉಂಡಿ ಒಂದೊಂದೇ ಒಳಗೆ ಹೋಗುವುದು ಹಬ್ಬ ಮುಗಿದ ಮೇಲಿನ ವಾರದಲ್ಲೇ.

ಈಗ ನಡಿಗೆ. ಒಂದು ಸತ್ಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ತೂಕದವರು ಅರ್ಧ ತಾಸು ಚುರುಕಾಗಿ ನಡೆದರೆ ಖರ್ಚಾಗುವುದು ಸುಮಾರು 130 ಕ್ಯಾಲೊರಿ. ಬರುವಾಗ ಗಾಡಿಯ ಮುಂದೆ ನಿಂತು ಮಿರ್ಚಿ ಭಜಿ ತಿಂದರೆ ಎಲ್ಲ ವಾಪಸ್ ಬಂತು. ಊಟ ಸರಿಮಾಡದೆ ಬರೀ ನಡೆದು ತೂಕ ಇಳಿಸಿದವರು ಬಹಳ ಕಡಿಮೆ. ಆದರೂ ನಡೆಯಲೇಬೇಕು. ಇಳಿದ ತೂಕ ಮತ್ತೆ ಏರದಂತೆ ಹಿಡಿದಿಡುವುದು ನಡಿಗೆ. ಸಕ್ಕರೆ, ಬಿಪಿ, ನಿದ್ದೆ, ಮನಸ್ಸು ಎಲ್ಲಕ್ಕೂ ಅದರಿಂದ ಲಾಭ ಇದೆ. ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನ ಒಂದಿದೆ. ತೂಕದಲ್ಲಿ ನೂರಕ್ಕೆ 7ರಷ್ಟು ಇಳಿಸಿ ವಾರಕ್ಕೆ 150 ನಿಮಿಷ ಮೈ ದುಡಿಸಬೇಕು ಅನ್ನುವ ಗುರಿ ಕೊಟ್ಟ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಬರುವುದು ನೂರಕ್ಕೆ 58ರಷ್ಟು ಕಡಿಮೆಯಾಯಿತು. ನಿಮ್ಮ ಲೆಕ್ಕದಲ್ಲಿ ನೂರಕ್ಕೆ 7 ಅಂದರೆ ಐದು ಕಿಲೋ. 50 ಕಿಲೋಗೆ ಬರಬೇಕು ಅಂತ ಕನಸು ಕಾಣಬೇಡಿ. 74ರಿಂದ 69ಕ್ಕೆ ಬನ್ನಿ, ಮುಂದಿನದು ಆಮೇಲೆ ನೋಡೋಣ.

ಬಿಸಿಲಿನ ಮಾತು ನಿಜ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತದೆ. ಎಂಟು ಗಂಟೆಗೆ ಹೊರಟರೆ ನಡೆಯಲು ಆಗುವುದೇ ಇಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ ಆರರೊಳಗೆ ಹೊರಡಿ. ಆಲಮಟ್ಟಿ ಹಿನ್ನೀರಿಗಾಗಿ ಹಳೆ ಊರು ಬಿಟ್ಟು ಬಂದವರಿಗೆ ಕಟ್ಟಿದ್ದು ನಿಮ್ಮ ನವನಗರ. ಆ ನೋವು ಏನೇ ಇರಲಿ, ಸೆಕ್ಟರ್‌ಗಳ ನಡುವಿನ ರಸ್ತೆಗಳು ಅಗಲವಾಗಿವೆ, ಬೆಳಿಗ್ಗೆ ಗಾಡಿಗಳ ಕಾಟ ಕಡಿಮೆ. ಇಷ್ಟು ಅನುಕೂಲ ವಿಜಯಪುರದ ಹಳೆ ಓಣಿಗಳಲ್ಲಿರುವವರಿಗೆ ಸಿಗುವುದಿಲ್ಲ. ಬೆಳಿಗ್ಗೆ ಮಕ್ಕಳ ಡಬ್ಬಿ, ಅಡುಗೆ ಅಂತ ಆಗದಿದ್ದರೆ ಮೂರು ಹೊತ್ತಿನ ಊಟದ ನಂತರ ಹತ್ತು ಹತ್ತು ನಿಮಿಷ ಮನೆಯೊಳಗೆ, ಪಡಸಾಲೆಯಲ್ಲಿ, ಸಂಜೆಯಾದರೆ ಮಾಳಿಗೆ ಮೇಲೆ ನಡೆಯಿರಿ. ಊಟದ ನಂತರದ ಸಣ್ಣ ನಡಿಗೆ ರಕ್ತದ ಸಕ್ಕರೆ ಏರುವುದನ್ನು ತಗ್ಗಿಸುತ್ತದೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಚುರುಕು ಇರಲಿ.

ನಿಮ್ಮ ಕೆಲಸದಲ್ಲಿ ಕೂರುವುದೇ ಜಾಸ್ತಿ. ಮೋಟಾರ್ ಮಷೀನ್ ಆದರೆ ಕಾಲಿಗೆ ಕೆಲಸವೇ ಇಲ್ಲ. ಒಂದು ಬ್ಲೌಸ್ ಮುಗಿದಾಗ ಎದ್ದು ನಿಲ್ಲುವ ರೂಢಿ ಮಾಡಿಕೊಳ್ಳಿ. ಕತ್ತರಿಸುವುದನ್ನು ಎತ್ತರದ ಮೇಜಿನ ಮೇಲೆ ನಿಂತು ಮಾಡಿ. ವಾರಕ್ಕೆ ಎರಡು ಮೂರು ದಿನ ಸ್ನಾಯುವಿಗೆ ಬಲ ಕೊಡುವ ಕೆಲಸ ಬೇಕು. ಜಿಮ್ ಬೇಕಿಲ್ಲ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಕೂರುವುದು. ಗೋಡೆಗೆ ಕೈ ಕೊಟ್ಟು ಹತ್ತು ದಂಡ ಹೊಡೆಯುವುದು. ಐದು ಲೀಟರ್ ನೀರಿನ ಕ್ಯಾನ್ ಎರಡು ಕೈಯಲ್ಲಿ ಹಿಡಿದು ಎದೆಯ ಮಟ್ಟಕ್ಕೆ ಹತ್ತು ಸಲ ಎತ್ತುವುದು. ಇದನ್ನೇ ಮೂರು ಸುತ್ತು. ಮಂಡಿ ನೋವಿದ್ದರೆ ಕುರ್ಚಿಯ ಮೇಲೆ ಒಂದು ದಿಂಬು ಇಟ್ಟು ಎತ್ತರ ಮಾಡಿಕೊಳ್ಳಿ. ಮನೆಗೆಲಸ ಮಾಡ್ತೀನಿ, ಅದೇ ವ್ಯಾಯಾಮ ಅಂತ ಹೆಂಗಸರು ಹೇಳುತ್ತಾರೆ. ಮನೆಗೆಲಸದಲ್ಲಿ ದಣಿವಿದೆ, ನಾನು ಒಪ್ಪುತ್ತೇನೆ. ಆದರೆ ಬಹಳ ಕೆಲಸಗಳಲ್ಲಿ ಸ್ನಾಯು ಬೆಳೆಯುವಷ್ಟು ಭಾರ ಇರುವುದಿಲ್ಲ.

ತೂಕದ ಕಾಟೆಯ ಮೇಲೆ ದಿನಾ ಹತ್ತಬೇಡಿ. ಮುಟ್ಟಿನ ಹೊತ್ತಿಗೆ, ಉಪ್ಪು ಜಾಸ್ತಿಯಾದ ಮರುದಿನ ಒಂದೆರಡು ಕಿಲೋ ನೀರೇ ಏರುತ್ತದೆ, ಸುಮ್ನೆ ಬೇಜಾರು. ವಾರಕ್ಕೊಮ್ಮೆ, ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ ನೋಡಿ. ಅದಕ್ಕಿಂತ ನಿಮ್ಮ ಕೊರಳಲ್ಲಿರುವ ಟೇಪು ಹೆಚ್ಚು ಸತ್ಯ ಹೇಳುತ್ತದೆ. ಕೆಳಗಿನ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಟೇಪು ಸುತ್ತಿ, ಹೊಟ್ಟೆ ಒಳಗೆ ಎಳೆಯದೆ, ಉಸಿರು ಬಿಟ್ಟು ಅಳೆಯಿರಿ. ನಮ್ಮ ದೇಶದ ಹೆಂಗಸರಿಗೆ 80 ಸೆಂ.ಮೀ. ಒಳಗಿದ್ದರೆ ಒಳ್ಳೆಯದು. ಗಂಡಸರಿಗೆ 90. ಅಳತೆ ಪುಸ್ತಕದಲ್ಲಿ ಗಿರಾಕಿಗಳ ಅಳತೆ ಬರೆಯುವ ಹಾಗೆ ನಿಮ್ಮದಕ್ಕೂ ಒಂದು ಹಾಳೆ ಇಡಿ, ತಿಂಗಳಿಗೊಮ್ಮೆ ಬರೆಯಿರಿ. ತೂಕ ನಿಂತಲ್ಲೇ ನಿಂತು ಸೊಂಟ ಇಳಿಯುತ್ತಿದ್ದರೆ ನೀವು ಸರಿಯಾದ ದಾರಿಯಲ್ಲೇ ಇದ್ದೀರಿ.

ಅತ್ತೆಯವರ ಮಾತನ್ನು ಬೇಸರದಿಂದ ಬರೆದಿದ್ದೀರಿ. ನನಗೆ ಅವರ ಮಾತಿನಲ್ಲಿ ಕಾಳಜಿಯೇ ಕಂಡಿತು. ಸೊಸೆ ರಾತ್ರಿ ಸವತಿಕಾಯಿ ಕಡಿಯುತ್ತಾ ಕೂತರೆ ಯಾವ ಹಿರಿಯರಿಗೆ ಸಮಾಧಾನ ಇರುತ್ತದೆ? ನಿಮಗೊಂದು ಅಡುಗೆ, ಮನೆಯವರಿಗೊಂದು ಅಡುಗೆ ಅಂತ ಶುರು ಮಾಡಿದ ಚಾರ್ಟ್ ಹೆಚ್ಚು ದಿನ ನಡೆಯುವುದಿಲ್ಲ. ಮೇಲೆ ಹೇಳಿದ್ದರಲ್ಲಿ ಬೇರೆ ಅಡುಗೆ ಯಾವುದೂ ಇಲ್ಲ. ಎಣ್ಣೆ ಕಡಿಮೆ, ಕಾಳು ಜಾಸ್ತಿ, ಸೊಪ್ಪು ಜಾಸ್ತಿ, ಇದು ಅತ್ತೆಯವರಿಗೂ ನಿಮ್ಮ ಯಜಮಾನರಿಗೂ ಒಳ್ಳೆಯದೇ. ಬೆಳೆಯುವ ಮಕ್ಕಳ ಪಾಲಿಗೆ ಮಾತ್ರ ಕತ್ತರಿ ಬೇಡ. ಅವರಿಗೆ ಒಂದು ರೊಟ್ಟಿ ಜಾಸ್ತಿ, ಒಂದು ಲೋಟ ಹಾಲು ಜಾಸ್ತಿ ಕೊಡಿ. ಅತ್ತೆಯವರಿಗೆ ಬಿಪಿ ಇದ್ದರೆ ಉಪ್ಪಿನಕಾಯಿ, ಹಪ್ಪಳ, ಹಿಂಡಿಯ ಉಪ್ಪಿನ ಮೇಲೆ ಕಣ್ಣಿಡಿ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಉಪ್ಪು, ಒಂದು ಚಹಾ ಚಮಚ, ಅಷ್ಟೇ. ಅವರಿಂದಲೇ ಪುಂಡಿ ಪಲ್ಯ, ಹುರಳಿ ಸಾರು, ಮಡಿಕೆಕಾಳಿನ ಉಸಳಿ ಮಾಡಿಸಿ ನೋಡಿ. ಬೈಗುಳ ನಿಲ್ಲಬಹುದು.

ಇದೆಲ್ಲ ಶುರು ಮಾಡುವ ಮೊದಲು ಒಂದು ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ರಕ್ತ ಕೊಟ್ಟು ಬನ್ನಿ. ನಿಮ್ಮ ತೂಕ, ಎತ್ತರದ ಲೆಕ್ಕದಲ್ಲಿ ಬಿಎಂಐ 30 ದಾಟಿದೆ. ನಮ್ಮ ಜನಕ್ಕೆ 23ರ ಒಳಗಿದ್ದರೆ ಚೆನ್ನ, 25ರಿಂದ ಮೇಲೆ ಬೊಜ್ಜು ಅಂತಲೇ ಲೆಕ್ಕ. ಹಾಗಾಗಿ ಸಕ್ಕರೆ ನೋಡಿಸಲೇಬೇಕು. ಖಾಲಿ ಹೊಟ್ಟೆಯದು 100ರ ಒಳಗಿರಬೇಕು. 100ರಿಂದ 125 ಇದ್ದರೆ ಅಂಚಿನಲ್ಲಿದ್ದೀರಿ. 126 ಮತ್ತು ಅದಕ್ಕಿಂತ ಮೇಲಿದ್ದರೆ ಇನ್ನೊಮ್ಮೆ ಮಾಡಿಸಿ ಖಚಿತ ಮಾಡಿಕೊಂಡು ಡಾಕ್ಟರ್ ಹತ್ತಿರ ಹೋಗಬೇಕು. ಜೊತೆಗೆ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ, ಹಿಮೋಗ್ಲೋಬಿನ್, ಥೈರಾಯ್ಡ್‌ನ ಟಿಎಸ್‌ಎಚ್, ಮಾಂಸಾಹಾರ ಇಲ್ಲದಿದ್ದರೆ ಬಿ12. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಬೇಗ ದಣಿವಾಗಬಹುದು. ಅದನ್ನು ಸೋಮಾರಿತನ ಅಂದುಕೊಂಡು ಮೈ ದಂಡಿಸಬೇಡಿ, ಮೊದಲು ರಕ್ತ ಸರಿಮಾಡಿಕೊಳ್ಳಿ. ಕಬ್ಬಿಣದ ಗುಳಿಗೆ ಕೊಟ್ಟರೆ ಚಹಾದ ಜೊತೆ ನುಂಗಬೇಡಿ, ಲಿಂಬೆಹಣ್ಣಿನ ನೀರಿನ ಜೊತೆ ತೆಗೆದುಕೊಳ್ಳಿ. ಮುಟ್ಟು ಹಿಂದೆಮುಂದೆ ಆಗುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಥೈರಾಯ್ಡ್ ಗುಳಿಗೆ ಶುರುವಾದರೆ ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಅರ್ಧದಿಂದ ಒಂದು ತಾಸು ಚಹಾ ಕುಡಿಯದೆ ಇರಿ. ಆ ಹೊತ್ತಿನಲ್ಲೇ ನಡೆದು ಬಂದುಬಿಡಬಹುದು.